ಗೋರಿಯ ಮುಂದೆ ಕೂಗುವ ಹೆಸರು

ವೈಹೈ
ಮಾರ್ಚ್ ೨೭

ಪ್ರೀತಿಯ ಪೆಂಗ್,

ಚೆನ್ನಾಗಿದ್ದೀಯಾ? ಜಿನಾನ್‌ನಲ್ಲಿ ಧೂಳಿನ ಗಾಳಿ ಎದ್ದಿದೆಯೆಂದು ಟೀವಿಯಲ್ಲಿ ನೋಡಿದೆ. ಹಾಸ್ಟೆಲಿನ ಕಿಟಕಿ ಹಾಕಿಕೊಂಡು ಮಲಗು. ಕಾಗದ ತಡವಾಯಿತು, ಬೇಸರಿಸಬೇಡ. ಫೋನು ಮಾಡಿದರೆ ನಾನು ‘ಊಟ ಆಯ್ತಾ’ ಎನ್ನುತ್ತೇನೆ, ನೀನು ‘ಹ್ಞೂಂ’ ಎನ್ನುತ್ತೀಯ, ಮಾತು ಅಲ್ಲಿಗೇ ಮುಗಿಯುತ್ತದೆ. ಕಾಗದಕ್ಕೆ ಹ್ಞೂಂ ಎಂದು ಮುಗಿಸಿಬಿಡಲು ಬರುವುದಿಲ್ಲ.

ಇಲ್ಲಿ ಅಂಜಲ್ ಮೀನು ಬರತೊಡಗಿದೆ. ನಿನ್ನ ಚಿಕ್ಕಜ್ಜ ಒಂದನ್ನು ಬಾಲ ಹಿಡಿದುಕೊಂಡೇ ಬಸ್ಸಿನಲ್ಲಿ ತಂದರು. ಕಡುಬು ಮಾಡಿದೆ. ಇಬ್ಬರಿಗೆ ಹೆಚ್ಚಾಯಿತು.

ಸ್ಮಾರಕ ಭವನದ ಸುದ್ದಿ ನಿನಗೂ ತಲುಪಿದೆ. ಆ ವಿಡಿಯೋ ತುಣುಕನ್ನು ದೇಶವೆಲ್ಲ ನೋಡಿದೆ. ಕತ್ತರಿಸಿ ಬಿಟ್ಟ ಭಾಗವನ್ನು ನಾನು ಬರೆಯುತ್ತೇನೆ.

ಮೊದಲ ಮಹಾಯುದ್ಧದಲ್ಲಿ ಇಂಗ್ಲಿಷರಿಗೆ ಕಂದಕ ತೋಡಲು ನಮ್ಮ ತೀರದಿಂದ ಹಡಗು ಹತ್ತಿದವರ ನೆನಪಿಗೆಂದು ಆ ಭವನ. ನನ್ನ ಮುತ್ತಜ್ಜನ ಮಣಿಕಟ್ಟಿಗೆ ಇಂಗ್ಲಿಷರು ಬಿಗಿದಿದ್ದ ನಂಬರಿನ ಹಿತ್ತಾಳೆ ಪಟ್ಟಿಯನ್ನು ಭವನದವರು ಕೇಳಿದ್ದರು, ಕೊಟ್ಟಿದ್ದೆ. ಉದ್ಘಾಟನೆಯ ದಿನ ಹೋಗಿ ನೋಡಿದರೆ ಗಾಜಿನ ಕೆಳಗೆ ಪಟ್ಟಿ ಇದೆ, ಪಕ್ಕದ ಫಲಕದಲ್ಲಿ ಯಾರದೋ ಹೆಸರು. ಯೂ ಐಗುವೊ, ಅಂದರೆ ದೇಶಪ್ರೇಮಿ ಯೂ. ‘ತಾಯ್ನಾಡಿನ ಗೌರವಕ್ಕಾಗಿ ಸ್ವಇಚ್ಛೆಯಿಂದ ಹೊರಟ ವೀರ.’

ಭವನದ ನಿರ್ದೇಶಕ ಮಿಯಾವ್ ಅವರನ್ನು ಕೇಳಿದೆ: “ಇದು ಯಾರು?”

“ನಿಮ್ಮ ಮುತ್ತಾತನೇ, ಯೂ ಟೀಚರ್. ಗೌಶೆಂಗ್ ಅಂತ ಬರೆಯೋಕಾಗುತ್ತಾ? ‘ನಾಯಿ ಬಿಟ್ಟ ಎಂಜಲು’! ಪರದೇಶದವರು ಬಂದಿದಾರೆ. ಮರ್ಯಾದೆ ಪ್ರಶ್ನೆ.”

ಮೂರು ಮಕ್ಕಳನ್ನು ಮಣ್ಣಿಗಿಟ್ಟ ತಾಯಿ, ಸಾವು ಮೂಸಿ ನೋಡಿ ಬಿಟ್ಟುಹೋಗಲೆಂದು ನಾಲ್ಕನೆಯವನಿಗೆ ಇಟ್ಟ ಹೆಸರು ಅದು. ಆ ಹೆಸರಿನಿಂದಲೇ ಅವನು ಬದುಕಿದ ಎಂದು ಅವಳು ನಂಬಿದ್ದಳು. ಅದನ್ನು ನಂಬದೆ ನಮ್ಮ ಮನೆಯಲ್ಲಿ ಯಾರೂ ಬೆಳೆದಿಲ್ಲ.

ವಂಶಸ್ಥರ ಪರವಾಗಿ ಎರಡು ಮಾತಾಡಿ ಎಂದಾಗ ಎದ್ದು ನಿಂತೆ. “ಇವರ ಹೆಸರು ಯೂ ಗೌಶೆಂಗ್. ಅವರು ದೇಶಕ್ಕಾಗಿ ಹೋಗಲಿಲ್ಲ, ಹಿಟ್ಟಿಗಾಗಿ ಹೋದರು” ಎಂದೆ. ತುಣುಕು ಅಲ್ಲಿಗೆ ನಿಲ್ಲುತ್ತದೆ.

ಆಮೇಲೆ ಹೇಳಿದ್ದು ಇದು: “ಇಂಗ್ಲಿಷರು ಅವರಿಗೆ ಒಂದು ನಂಬರು ಕೊಟ್ಟರು. ಯುದ್ಧ ಮುಗಿದ ಮೇಲೆ ಗೆದ್ದವರೆಲ್ಲ ಮೇಜಿನ ಸುತ್ತ ಕೂತು, ಅವರ ಊರಿರುವ ಶಾಂಡಾಂಗ್ ಪ್ರಾಂತ್ಯದ ಹಕ್ಕನ್ನೇ ಜಪಾನಿಗೆ ಬರೆದುಕೊಟ್ಟರು. ತೋಡಿದ ಕಂದಕಕ್ಕೆ ಸಿಕ್ಕ ಕೂಲಿ ಅದು. ಆ ಸಿಟ್ಟು ನನ್ನಲ್ಲಿ ಆರಿಲ್ಲ, ಆರುವುದೂ ಬೇಡ. ಆದರೆ ನಂಬರು ಅಳಿಸಿದ ಜಾಗದಲ್ಲಿ ನಾವು ಇನ್ನೊಂದು ಸುಳ್ಳು ಹೆಸರು ಕೆತ್ತುವುದಾದರೆ, ಅವರು ಇನ್ನೂ ಊರಿಗೆ ಮರಳಿಲ್ಲ ಎಂದೇ ಅರ್ಥ.”

ಚಪ್ಪಾಳೆ ತಟ್ಟಿದ್ದು ಒಬ್ಬರೇ. ಇಂಗ್ಲೆಂಡಿನಿಂದ ಬಂದ ಪ್ರೊಫೆಸರ್ ವಿಟ್‌ಕೋಂಬ್. ಹೊರಗೆ ಬಂದು ನನ್ನ ಕೈ ಹಿಡಿದರು. ನಮ್ಮ ಭಾಷೆ ಚೆನ್ನಾಗಿಯೇ ಆಡುತ್ತಾರೆ. “ನಿಮ್ಮಂಥ ಧೈರ್ಯ ಈ ದೇಶದಲ್ಲಿ ಅಪರೂಪ. ಪಟ್ಟಿಯನ್ನು ನಮಗೆ ಕೊಡಿ. ಅಲ್ಲಿ ಸತ್ಯ ಹೇಳಬಹುದು.”

“ಅದು ಒಂದು ಸಲ ನಿಮ್ಮವರ ಜೊತೆ ಹೋಗಿ ಬಂದಿದೆ, ಪ್ರೊಫೆಸರ್. ಸಾಕು. ನನ್ನ ಮಾತು ನಮ್ಮವರಿಗೆ ಹೇಳಿದ್ದು. ನೀವು ಪಕ್ಕದಲ್ಲಿದ್ರಿ, ಕೇಳಿಸ್ತು, ಅಷ್ಟೇ” ಎಂದೆ. ಅವರ ಮುಖ ಸಣ್ಣದಾಯಿತು. ಒಳ್ಳೆಯ ಮನುಷ್ಯನೇ ಇರಬೇಕು. ಒಳ್ಳೆಯವರೂ ನಮ್ಮನ್ನು ಎರಡೇ ಬಗೆಯಲ್ಲಿ ನೋಡಬಲ್ಲರು: ಹೆದರಿಸುವ ಗುಂಪಾಗಿ, ಇಲ್ಲವೆ ಅದರಿಂದ ತಾವು ಬಿಡಿಸಬೇಕಾದ ಒಬ್ಬಂಟಿಯಾಗಿ.

ಹೆಡ್‌ಮಾಸ್ಟರ್ ಥಾನ್ ಕ್ಷಮಾಪಣೆ ಬರೆದುಕೊಡಿ ಎಂದರು. “ನಾಲ್ಕು ಸಾಲು, ಯೂ ಟೀಚರ್. ನಾನೇ ಬರೆದಿದೀನಿ, ನೀವು ಸಹಿ ಹಾಕಿದ್ರೆ ಸಾಕು. ಕಾಲ ಸರಿಯಿಲ್ಲ.” ಹಾಕಲಿಲ್ಲ. ನನ್ನ ಇತಿಹಾಸದ ತರಗತಿಯನ್ನು ವ್ಯಾಯಾಮದ ಮೇಷ್ಟ್ರಿಗೆ ಕೊಟ್ಟು, ನನ್ನನ್ನು ಗ್ರಂಥಾಲಯದಲ್ಲಿ ಕೂರಿಸಿದ್ದಾರೆ. ಮಕ್ಕಳು ಅಲ್ಲಿಗೇ ಬರುತ್ತಾರೆ. ಗಟ್ಟಿಯಾಗಿ ಮಾತಾಡಬಾರದ ಜಾಗ. ಮೆಲ್ಲಗೆ ಪಾಠ ಹೇಳುವುದನ್ನು ಕಲಿಯುತ್ತಿದ್ದೇನೆ.

ಹೆಸರು ತಿದ್ದುವುದಿಲ್ಲವೆಂದು ಭವನದವರು ಹೇಳಿದ ಮೇಲೆ ಪಟ್ಟಿಯನ್ನು ವಾಪಸು ತಂದೆ. ಚಿಕ್ಕಜ್ಜ ಅದನ್ನು ಅಂಗಿಯ ಚುಂಗಿನಲ್ಲಿ ಒರೆಸಿ ನಕ್ಕರು. “ಛಿಂಗ್‌ಮಿಂಗ್ ಹಬ್ಬದ ದಿನ ಹಿರಿಯರಿಗೆ ಎಡೆಯಿಟ್ಟು, ಗೋರಿ ಮುಂದೆ ನಿಂತು ಗೌಶೆಂಗ್ ಅಂತ ಕೂಗಿದ್ರೆ ನಮ್ಮಜ್ಜ ಏಳ್ತಾನೆ ಕಣೇ. ಐಗುವೊ ಅಂತ ಕೂಗು, ಪಕ್ಕದ ಗೋರಿಯವನು ಎದ್ದು ಬಂದು ನಾವಿಟ್ಟ ಹೆಂಡ ಕುಡ್ಕೊಂಡು ಹೋಗ್ತಾನೆ!” ನಗು ಕೆಮ್ಮಾಯಿತು. ಅವರ ಗಂಟಲು ಪೂರ್ತಿ ಕೆಟ್ಟಿದೆ. “ಈ ಸಲ ಪೆಂಗ್ ಕೂಗಲಿ. ಹೆಣ್ಣುಮಗಳ ಮಗ ಆದ್ರೇನು, ಗಂಟಲಿದೆಯಲ್ಲ.”

ಹಬ್ಬಕ್ಕೆ ಹಿಟ್ಟಿನ ಹಕ್ಕಿಗಳನ್ನು ಮಾಡಿ ಹಬೆಯಲ್ಲಿಡುತ್ತೇನೆ. ನಿನ್ನ ಹಕ್ಕಿಗೆ ಎಂದಿನಂತೆ ಕರಿಮೆಣಸಿನ ಕಣ್ಣು. ಆರೋಗ್ಯ ನೋಡಿಕೋ. ನಿನ್ನ ವಿದ್ಯೆ ನಿನ್ನ ಕೈಹಿಡಿಯಲಿ, ನಿನ್ನ ಬೆನ್ನು ಯಾರೆದುರೂ ಬಾಗದಿರಲಿ, ನನ್ನೆದುರೂ ಕೂಡ.

ನಿನ್ನ ಅಮ್ಮ,
ಯೂ ಹುಯಿಝೆನ್

ಮತ್ತೆ: ಆ ತುಣುಕಿನ ಕೆಳಗೆ ಜನ ಬರೆದದ್ದನ್ನೆಲ್ಲ ಓದಿದೆ. ಪರದೇಶಿಯರ ನಾಯಿ, ಮಾರಿಕೊಂಡವಳು, ಎಲ್ಲ ಕಣ್ಣ ಮುಂದೆ ಹಾದುಹೋದವು. ‘ಪೂರ್ವಸಾಗರದ ಖಡ್ಗ’ ಎಂಬ ಹೆಸರಿನವನ ಒಂದು ಸಾಲು ಮಾತ್ರ ನಿಂತಿತು: ‘ಈ ಹೆಂಗಸು ಕಡುಬನ್ನೂ ಪರದೇಶಿ ಮುಳ್ಳುಚಮಚದಲ್ಲಿ ತಿನ್ನುವವಳು.’ ನಾನು ಹಾಗೆ ತಿಂದದ್ದು ಬಲಗೈ ಮುರಿದ ಆ ಒಂದು ಚಳಿಗಾಲ. ಮುತ್ತಜ್ಜ ಯುದ್ಧದಿಂದ ತಂದಿದ್ದ ಮುಳ್ಳುಚಮಚವನ್ನು ಪೆಟ್ಟಿಗೆಯಿಂದ ಹುಡುಕಿ ನನ್ನ ಎಡಗೈಗೆ ಕೊಟ್ಟವನು ನೀನು. ನಿನ್ನಪ್ಪ ಹಡಗಿನಲ್ಲಿದ್ದರು. ಊಟದ ಮೇಜಿನ ಮುಂದೆ ನಾವಿಬ್ಬರೇ ಇದ್ದೆವು.

ಛಿಂಗ್‌ಮಿಂಗ್‌ಗೆ ಬಾ. ಖಡ್ಗವನ್ನು ಜಿನಾನ್‌ನಲ್ಲೇ ಬಿಡು. ನಾನಿಟ್ಟ ಹೆಸರಿನಲ್ಲಿ ಬಾ.