ಮೊದಲ ಸಾಕೆಟ್ಟಿನ ವಾಲ್ವ್

ಮನೆ, ಮಹಡಿಯ ಕೋಣೆ
ಬುಧವಾರ, ಮಾರ್ಚ್ ಹತ್ತೊಂಬತ್ತು

ಪ್ರೀತಿಯ ಪುಟ್ಟೀ,

ಮೊದಲು ನಿನ್ನ ಎಡಗೈ ಮಣಿಕಟ್ಟಿನ ವಿಷಯ. ನೋವು ಇಳಿಯಿತೇ? ಹೋದ ತಿಂಗಳು ಕೇಳಿದಾಗ 'ಏನಿಲ್ಲಪ್ಪಾ, ಸ್ವಲ್ಪ ಅಷ್ಟೇ' ಎಂದೆ. ನಿನ್ನ 'ಸ್ವಲ್ಪ' ಎಷ್ಟೆಂಬುದು ನನಗೆ ಗೊತ್ತು; ಐದನೆಯ ತರಗತಿಯಲ್ಲಿ ಮೊಣಕೈ ಮೂಳೆ ಬಿರುಕು ಬಿಟ್ಟಾಗಲೂ ಅದೇ ಪದವನ್ನು ಬಳಸಿದ್ದೆ. ಬಿಸಿನೀರಿನ ಶಾಖ ಕೊಟ್ಟುಕೊ. ತಾಲೀಮಿನ ವೇಳೆ ಕಿವಿಗೆ ಹತ್ತಿಯಿಡುವುದನ್ನು ಮರೆಯಬೇಡ. ನಾವಿಬ್ಬರೂ ಕ್ಷೇಮ. ಅಮ್ಮನ ಮಂಡಿನೋವು ಮೆಟ್ಟಿಲು ಕಂಡಾಗ ಬರುತ್ತದೆ, ಪೇಟೆಗೆ ಹೊರಟಾಗ ಮಾಯವಾಗುತ್ತದೆ.

ನಿನ್ನ ಗಿಟಾರ್ ಆ್ಯಂಪ್ಲಿಫೈಯರ್ ಶನಿವಾರ ಲಾರಿಯಲ್ಲಿ ಬಂದಿಳಿಯಿತು. ಕಂಬಳಿಯಲ್ಲಿ ಸುತ್ತಿದ್ದ ರೀತಿ ನೋಡಿ ಲಾರಿಯವನು ಒಳಗೆ ಕಾಯಿಲೆಯವರಿದ್ದಾರೇನೋ ಎಂಬಷ್ಟು ಮೆಲ್ಲಗೆ ಇಳಿಸಿದ. ಹಿಡಿಗೆ ಕಟ್ಟಿದ್ದ ಚೀಟಿ ನಿನ್ನ ಸೋದರಮಾವನಿಗೆ ಬರೆದದ್ದು. ಆದರೆ ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವನಿಗೆ ಸಣ್ಣ ಅಕ್ಷರ ಕಾಣದಾದ್ದರಿಂದ ನಾನೇ ಓದಿ ಹೇಳಿದೆ. 'ಮಾವಾ, ಸದ್ದು ಬರುತ್ತೆ, ಕಚ್ಚಲ್ಲ. ಇಪ್ಪತ್ತೆಂಟಕ್ಕೆ ರೆಕಾರ್ಡಿಂಗ್. ಈ ಸಲವೂ ಸರಿಹೋಗ್ಲಿಲ್ಲ ಅಂದ್ರೆ ಇದನ್ನ ಮಾರಿಬಿಡ್ತೀನಿ.' ಕೊನೆಯ ವಾಕ್ಯವನ್ನು ಅವನು ಎರಡು ಬಾರಿ ಓದಿಸಿದ. ಮುಚ್ಚಿಹೋದ ನೃತ್ಯಶಾಲೆಯೊಂದರಿಂದ ಆ ಪೆಟ್ಟಿಗೆಯನ್ನು ಹೊತ್ತು ತಂದು ನಿನ್ನ ಹದಿನೇಳನೆಯ ಹುಟ್ಟುಹಬ್ಬಕ್ಕೆ ಕೊಟ್ಟವನು ಅವನು. ನಿನಗಿಂತ ಮೂವತ್ತು ವರ್ಷ ಹಿರಿಯ ಪೆಟ್ಟಿಗೆ. ಅದು ತಯಾರಾದಾಗ ಹೆವಿ ಮೆಟಲ್ ಎಂಬ ನಿನ್ನ ಸಂಗೀತವೇ ಹುಟ್ಟಿರಲಿಲ್ಲವಂತೆ. ಅದರಿಂದ ಆ ಸದ್ದನ್ನು ಹೊರಡಿಸುವುದೆಂದರೆ ಮುದುಕನನ್ನು ಓಟದ ಪಂದ್ಯಕ್ಕೆ ನಿಲ್ಲಿಸಿದಂತೆ ಎಂದು ನಾನು ಹೇಳಿದ್ದಕ್ಕೆ, ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಎಲ್ಲಾ ಮುದುಕರೂ ನಿಮ್ಮ ಥರಾ ಇರಲ್ಲ ಭಾವ' ಎಂದ.

ಹೀಗೆ ಅವನ ಕೈಗೆ ನನ್ನ ಕಣ್ಣು ಸೇರಿ ಕೆಲಸ ಆರಂಭವಾಯಿತು. ಮನೆಯ ಕೆಳಗಿನ ಅವನ ರಿಪೇರಿ ಅಂಗಡಿಯಲ್ಲಿ ನಾನು ಬಿಡಿಭಾಗಗಳ ಮೇಲಿನ ಬಣ್ಣದ ಪಟ್ಟಿಗಳನ್ನೂ ಅಂಕಿಗಳನ್ನೂ ಓದುವುದು, ಅವನು ಅಳೆಯುವುದು, ಬೆಸೆಯುವುದು. ಸದ್ದನ್ನು ಹಿಗ್ಗಿಸುವ ಗಾಜಿನ ಬುರುಡೆಗಳನ್ನು ನೀನು 'ಟ್ಯೂಬ್' ಎನ್ನುತ್ತೀ, ಅವನು 'ವಾಲ್ವ್' ಎನ್ನುತ್ತಾನೆ. ಒಂದು ಪತ್ರದಲ್ಲಿ ಒಂದು ವಸ್ತುವಿಗೆ ಒಂದೇ ಹೆಸರಿರಬೇಕಾದ್ದರಿಂದ ನಾನು ಅವನ ಪದವನ್ನೇ ಉಳಿಸಿಕೊಳ್ಳುತ್ತೇನೆ. ಸ್ವಿಚ್ ಆರಿಸಿದ ಮೇಲೂ ಒಳಗೆ ವಿದ್ಯುತ್ತು ಕಾದು ಕುಳಿತಿರುತ್ತದೆಂದು ಹೇಳಿ, ಅದನ್ನು ಇಳಿಸುವವರೆಗೆ ನನ್ನ ಎರಡೂ ಕೈಗಳನ್ನು ಜೇಬಿನಲ್ಲಿಡಿಸಿದ. ತರಗತಿಯಲ್ಲಿ ನಾನೂ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ.

ಪರೀಕ್ಷೆ ಮಾಡಲು ನಿನ್ನ ಹಳೆಯ ಗಿಟಾರನ್ನು ಗೋಡೆಯಿಂದ ಇಳಿಸಿದೆ. ಹೌದು, ನುಡಿಸಿದವನು ನಾನೇ, ನಗಬೇಡ. ಅಂಗೈಯ ಬದಿಯನ್ನು ದಪ್ಪ ತಂತಿಯ ಮೇಲೊತ್ತಿ ಹೊಡೆಯಬೇಕೆಂದು ನೀನು ಬರೆದಿದ್ದಂತೆಯೇ, ಅಂಗಿಯ ಗುಂಡಿಯೊಂದನ್ನು ಹಿಡಿದು ಹೊಡೆದೆ. 'ಭಾರವಾದ' ಸದ್ದು ಬೇಕಲ್ಲ ಎಂದುಕೊಂಡು ಬಾಸ್ ತಿರುಗಣಿಯನ್ನು ಹತ್ತಕ್ಕೆ ಏರಿಸಿದ್ದೆ. ಕೋಲಿನಿಂದ ಹಾಸಿಗೆ ಬಡಿದಂತೆ ಕೇಳಿಸಿತು. ಮಾವ ತಲೆ ಚಚ್ಚಿಕೊಂಡು ಬಾಸನ್ನು ಎರಡಕ್ಕೆ ಇಳಿಸಿದ, ಮಧ್ಯದ ಸ್ವರಗಳನ್ನು ಆರಕ್ಕೆ ಏರಿಸಿದ, ಜೊತೆಗೆ ಬಂದಿದ್ದ ನಿನ್ನ ಪೆಡಲಿನಲ್ಲಿ ಸದ್ದಿನ ಒರಟುತನವನ್ನು ಸೊನ್ನೆಗಿಟ್ಟು ಮಟ್ಟವನ್ನು ಮಾತ್ರ ಪೂರ್ತಿ ತಿರುಗಿಸಿದ. ಪೆಟ್ಟಿಗೆಯ ಧ್ವನಿ ಎಂಟರಲ್ಲಿ. ಕೆಳಸ್ವರ ಕಡಿಮೆಯಾದಷ್ಟೂ ಸದ್ದು ಬಿಗಿಯಾಗಿ, ಭಾರವಾಗಿ ಕೇಳುವುದು ನನಗೆ ಹೊಸ ಪಾಠ. ಆದರೂ ಆ ಕರಕರವನ್ನು ಕೇಳಿ, 'ಎಲ್ಲೋ ಹರಿದಿದೆ ನೋಡಯ್ಯ, ಅದನ್ನು ಮೊದಲು ಸರಿಮಾಡು' ಎಂದೆ. 'ಅದು ತಪ್ಪಲ್ಲ ಭಾವ, ಅದೇ ಅವಳಿಗೆ ಬೇಕಾಗಿರೋದು. ಗೀರಬೇಕು, ಆದ್ರೆ ಚಿಂದಿಯಾಗಬಾರದು' ಎಂದ. ಮೂವತ್ತೈದು ವರ್ಷ ಕೆಂಪು ಶಾಯಿ ಹಿಡಿದವನಿಗೆ ಇದನ್ನು ನುಂಗುವುದು ಕಷ್ಟವಾಯಿತು. ಪಕ್ಕದ ದರ್ಜಿ ಷಟರ್ ಎತ್ತಿ ಇಣುಕಿ, 'ರಿಟೈರ್ ಆದ್ಮೇಲೆ ಕಾರ್ಖಾನೆ ಇಟ್ರಾ ಮೇಷ್ಟ್ರೇ?' ಎಂದ. ಅಮ್ಮ ಮಹಡಿಯಿಂದಲೇ, 'ಮಗಳು ನುಡಿಸಿದ್ರೆ ಬಾಗಿಲು ಹಾಕು ಅಂತಿದ್ರಿ, ಈಗ ನಿಮ್ಮನ್ನ ಎಲ್ಲಿ ಹಾಕಲಿ?' ಎಂದು ಕೂಗಿದಳು.

ನಾನು ಪ್ರತಿ ಬಾರಿಯೂ ಅಂಕ ಹಾಕಿದೆ. ಶನಿವಾರ ಮೂವತ್ತೆಂಟು. ಒಣಗಿದ್ದ ಕೆಪಾಸಿಟರುಗಳನ್ನು ಬದಲಿಸಿ, ದೊಡ್ಡ ವಾಲ್ವ್‌ಗಳಿಗೆ ಹರಿಯುವ ವಿದ್ಯುತ್ತನ್ನು ಹದಗೊಳಿಸಿದ ಮೇಲೆ, ಭಾನುವಾರ ಅರವತ್ತು. ಅಲ್ಲಿಗೆ ನಿಂತಿತು. ತಂತಿ ಹೊಡೆದ ಕ್ಷಣಕ್ಕೂ ಸದ್ದು ಹಲ್ಲೂರುವುದಕ್ಕೂ ನಡುವೆ ಏನೋ ಮೆತ್ತಗಿತ್ತು. ನಿನ್ನ ಮಾತೇ ಸರಿ: ಕಚ್ಚುತ್ತಿರಲಿಲ್ಲ.

ಸೋಮವಾರ ಮಾವ ಸಣ್ಣ ವಾಲ್ವ್‌ಗಳನ್ನು ಒಂದೊಂದಾಗಿ ಕಿತ್ತು, ಗಾಜಿನ ಮೇಲಿನ ಅಂಕಿಯನ್ನು ನನ್ನಿಂದ ಓದಿಸಿದ. ಗಿಟಾರಿನ ಸದ್ದು ಮೊಟ್ಟಮೊದಲು ಹೊಕ್ಕುವ ಸಾಕೆಟ್ಟಿನಲ್ಲಿದ್ದದ್ದು ಬೇರೆಯೇ ಜಾತಿಯದು. ಅವನ ಮುಖ ಇಳಿದುಹೋಯಿತು. ನಿನಗೆ ನೆನಪಿದೆ, ಹನ್ನೊಂದು ವರ್ಷದ ಹಿಂದೆ ನಿನ್ನ ಮೊದಲ ಕಾರ್ಯಕ್ರಮದ ಸಂಜೆ ಪೆಟ್ಟಿಗೆ ಮೂಕವಾಯಿತು; ಹಿಂಬದಿ ತೆರೆದರೆ ಮೊದಲ ಸಾಕೆಟ್ ಖಾಲಿ. ಹೊತ್ತು ಇಳಿಸುವಾಗ ವಾಲ್ವ್ ಬಿದ್ದಿರಬೇಕೆಂದು ನೀನು ಮೆಟ್ಟಿಲು ಮೆಟ್ಟಿಲೂ ತಡಕಿದೆ. ಟಾರ್ಚ್ ಹಿಡಿದವನು ನಾನು. ನಿನ್ನ ಗೆಳೆಯರು ನೀನಿಲ್ಲದೆ ವೇದಿಕೆ ಹತ್ತಿದರು. ವಾರದ ನಂತರ ಮಾವ ತನ್ನಲ್ಲಿದ್ದ ಬೇರೊಂದನ್ನು ಹಾಕಿಕೊಟ್ಟ. 'ಒಂಬತ್ತು ಕಾಲೂ ಸರಿಯಾಗಿ ಕೂತ್ವು, ಸದ್ದೂ ಬಂತು, ಸಾಕು ಅಂತ ಬಿಟ್ಟೆ ಭಾವ. ಇದು ಸದ್ದನ್ನ ಹಿಗ್ಗಿಸೋದು ಅದರ ಐದರಲ್ಲೊಂದು ಪಾಲು. ಇಷ್ಟು ವರ್ಷ ಆ ಮಗು ಪೆಡಲ್ ಮೇಲೆ ಪೆಡಲ್ ಬದಲಾಯಿಸ್ತು. ನನ್ನ ತಪ್ಪು ಅಂತ ಬರೀರಿ' ಎಂದ. ಅವನು ಹೇಳಿದಂತೆಯೇ ಬರೆದಿದ್ದೇನೆ.

ಸರಿಯಾದ ವಾಲ್ವ್ ಒಂದು ಮನೆಯಲ್ಲಿಯೇ ಇತ್ತು, ತಂದುಕೊಟ್ಟೆ. ಅದು ಬಿಸಿಯೇರಲೆಂದು ಅರ್ಧ ನಿಮಿಷ ಬಿಟ್ಟೆವು. ಆಮೇಲೆ ಗುಂಡಿಯಿಂದ ಒಮ್ಮೆ ಹೊಡೆದೆ, ಅಷ್ಟೇ. ಪುಟ್ಟೀ, ಅದು ಕಚ್ಚಿತು. ಕಲ್ಲಿನ ಮೇಲೆ ಉಕ್ಕು ಮಸೆದಂತೆ, ಆದರೂ ಒಳಗೆಲ್ಲೋ ಹಾಡುತ್ತ. ಅಂಗೈ ಒತ್ತಿದೊಡನೆ ಬಾಗಿಲು ಮುಚ್ಚಿದಂತೆ ನಿಂತಿತು. ಅಮ್ಮ ಕೈಯಲ್ಲಿ ಸೌಟು ಹಿಡಿದೇ ಇಳಿದು ಬಂದು, 'ಅವಳದೇ ಸದ್ದು ಇದು' ಎಂದಳು, ಮಂಡಿಯನ್ನು ಮರೆತು. ತೊಂಬತ್ತೊಂದು ಅಂಕ ಕೊಟ್ಟಿದ್ದೇನೆ. ಉಳಿದ ಒಂಬತ್ತು ನನ್ನ ಕೈಚಳಕದ ಕೊರತೆಗೆ.

ಪೆಟ್ಟಿಗೆ ನಾಳೆಯ ಲಾರಿಗೆ ಹೊರಡುತ್ತದೆ. ತೆರೆದಾಗ ಮೊದಲ ಸಾಕೆಟ್ ಖಾಲಿಯಿರುತ್ತದೆ, ಗಾಬರಿಯಾಗಬೇಡ. ಆ ವಾಲ್ವ್ ಲಾರಿಯ ಕುಲುಕಾಟಕ್ಕೆ ತಕ್ಕದ್ದಲ್ಲ. ಅದು ಕೈಸೇರುವವರೆಗೆ ಸ್ವಿಚ್ ಹಾಕಬೇಡ.

ಮಾವ ನಿನ್ನ ತಲೆಯ ಮೇಲೊಂದು ಮೊಟಕು ಕಳುಹಿಸಿದ್ದಾನೆ, ಅಮ್ಮ ಮುತ್ತು. ನಿನ್ನ ಬೆರಳುಗಳು ಬಹುಕಾಲ ನೋವಿಲ್ಲದೆ ಓಡಾಡಲಿ ಎಂದು ಹರಸುವ,

ನಿನ್ನ ಅಪ್ಪ

ತಾ. ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಬಿಚ್ಚಿದೆ. ಮಾವನ ತಪ್ಪು ಎಂದು ಮೇಲೆ ಬರೆದದ್ದು ನಿಜವಲ್ಲ. ಅದನ್ನು ಹೊಡೆದುಹಾಕುವುದಿಲ್ಲ, ತಿದ್ದಿದ್ದು ಕಾಣಬೇಕೆಂದು ಮಕ್ಕಳಿಗೆ ಹೇಳುತ್ತಿದ್ದವನು ನಾನು. ಆ ವಾಲ್ವ್ ಬಿದ್ದಿರಲಿಲ್ಲ. ನೀನು ಮಧ್ಯಾಹ್ನದ ತಾಲೀಮು ಮುಗಿಸಿ ಊಟಕ್ಕೆ ಕುಳಿತಾಗ ನಾನೇ ಕಿತ್ತೆ, ಇನ್ನೂ ಬಿಸಿಯಿತ್ತು. ನಿನ್ನ ಪರೀಕ್ಷೆಗೆ ಒಂಬತ್ತು ದಿನವಿತ್ತು, ಒಂದು ಸಂಜೆ ತಪ್ಪಿದರೆ ಏನು ಮಹಾ ಎಂದುಕೊಂಡೆ. ನೀನು ಮೆಟ್ಟಿಲು ತಡಕುವಾಗ ಅದು ನನ್ನ ಅಂಗಿಯ ಜೇಬಿನಲ್ಲಿತ್ತು. ಮರುದಿನ ಬೆಳಿಗ್ಗೆ ಹೇಳಬೇಕೆಂದಿದ್ದೆ. ನಿನ್ನ ಕಣ್ಣು ನೋಡಿ ಧೈರ್ಯ ಬರಲಿಲ್ಲ. ಆಮೇಲೆ ಮಾವ ಬೇರೆ ಹಾಕಿದ, ಸದ್ದು ಬಂತು, ಎಲ್ಲ ಸರಿಹೋಯಿತೆಂದು ನನಗೆ ನಾನೇ ಹೇಳಿಕೊಂಡೆ. ಸೀಮೆಸುಣ್ಣದ ಡಬ್ಬಿಯಲ್ಲಿ, ಹತ್ತಿಯಲ್ಲಿ ಸುತ್ತಿ, ಹನ್ನೊಂದು ವರ್ಷ ಇಟ್ಟಿದ್ದೆ. ಸೋಮವಾರ ತಂದುಕೊಟ್ಟಾಗ ಮಾವ ಎಲ್ಲಿತ್ತೆಂದು ಕೇಳಲಿಲ್ಲ. ಕಾಲುಗಳನ್ನು ಒರೆಸುತ್ತ, 'ಜೋಪಾನವಾಗಿ ಇಟ್ಟಿದ್ದೀರಿ ಭಾವ' ಎಂದನಷ್ಟೇ. ಅಮ್ಮನಿಗೆ ಇಂದು ಹೇಳುತ್ತೇನೆ. ಇಪ್ಪತ್ತೇಳರ ಮಧ್ಯಾಹ್ನ ನಾಲ್ಕಕ್ಕೆ ವಾಲ್ವನ್ನು ನಾನೇ ತರುತ್ತೇನೆ, ಅದೇ ಜೇಬಿನಲ್ಲಿ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಬಾಗಿಲಲ್ಲೇ ತೆಗೆದುಕೊ, ಕಾರಣ ಹೇಳಬೇಕಾಗಿಲ್ಲ. ಮರಳುವ ಬಸ್ಸು ಐದೂಕಾಲಿಗಿದೆ. ಒಳಗೆ ಕರೆದರೆ, ಅಂದು ನುಡಿಸಬೇಕೆಂದಿದ್ದುದನ್ನು ಒಮ್ಮೆ ನುಡಿಸು. ಕಿವಿಗೆ ಹತ್ತಿ ತರುವುದಿಲ್ಲ.