ದೊರೆಯ ಹೆಣ ನಕ್ಕಿದ್ದು

ಕ್ಯಾಂಟನ್, ಡಿಸೆಂಬರ್ 26, 2009

ಪ್ರೀತಿಯ ಪದ್ಮಜಾ ಆಂಟಿಗೆ,

ಜ್ವರ ಬಂದು ಎಂಥ ನಾಟಕ ತಪ್ಪಿಸಿಕೊಂಡಿರಿ ಆಂಟಿ! ನೀವು ಬರೆದುಕೊಟ್ಟ ಇಂಗ್ಲಿಷ್ ಬಂಗಲೆಯ ಕ್ರಿಸ್‌ಮಸ್ ಕೊಲೆ ನಿನ್ನೆ ನಮ್ಮ ಬೇಸ್‌ಮೆಂಟಿನಲ್ಲೇ ನಡೆಯಿತು. ಕಾರು ಕಂಪನಿಯ ಕೆಲಸ ಹೋದಾಗಿನಿಂದ ಮಾತೇ ಬಿಟ್ಟಿದ್ದ ನಮ್ಮವರಿಗೆ ಕೊಲೆಯಾದ ದೊರೆಯ ಪಾತ್ರ. ಕಣ್ಣು ಮುಚ್ಚಿ ಮಲಗಿದ್ದರೆ ಸಾಕಿತ್ತು.

ಪತ್ತೇದಾರಳಾದ ನಮ್ಮ ಇಂಚರ ಭೂತಗನ್ನಡಿ ಹಿಡಿದು ಸುತ್ತುವಾಗ ಅವಳ ಕಾಲು ಹೆಣಕ್ಕೆ ತಗುಲಿತು. ತಕ್ಷಣ ಬಗ್ಗಿ, ಅಪ್ಪನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಪರ್ವಾಗಿಲ್ಲ ಪುಟ್ಟಿ" ಎಂದಿತು ಹೆಣ.

"ಅಪ್ಪಾ, ಯು ಆರ್ ಡೆಡ್!" ಎಂದು ಅವಳು ಕಿರುಚಿದಳು.

ಹೆಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ನಗು ಕೇಳಿ ಎಷ್ಟು ತಿಂಗಳಾಗಿತ್ತು! ಕೊಲೆಗಾರನನ್ನು ಹಿಡಿಯುವುದೇ ಎಲ್ಲರಿಗೂ ಮರೆತುಹೋಯಿತು.

ಯುಗಾದಿ ನಾಟಕದಲ್ಲಿ ಅವರಿಗೆ ಬದುಕಿರುವವರ ಪಾತ್ರ ಕೊಡಿ ಆಂಟಿ. ಬೆಳಿಗ್ಗೆಯಿಂದ ಅವರೇ ಕೇಳುತ್ತಿದ್ದಾರೆ.

ನಿಮ್ಮ,
ಸುಹಾಸಿನಿ