ಸಂಜೆತನಕ ನಡೆಯುವ ಬ್ಯಾಟರಿ

ಅಂಬರೀಶ,

ನಿನ್ನ ಅಂಗಿ ಹಿಂಡುತ್ತಿದ್ದವಳು ಅರ್ಧಕ್ಕೇ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಎಷ್ಟು ತೊಳೆದರೂ ಹತ್ತಿಯ ಹುಳಕ್ಕೆ ಹೊಡೆಯುವ ವಿಷದೆಣ್ಣೆಯ ವಾಸನೆ ಹೋಗವಲ್ಲದು. ಬಕೀಟಿನಲ್ಲೇ ಇರಲಿ, ಮುಟ್ಟಬೇಡ.

ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟಿದ್ದೇನೆ. ಸಾಬೂನು ಹಚ್ಚಿ ಕೈ ತೊಳೆದು ಉಣ್ಣು.

ಎಣ್ಣೆ ಹೊಡೆಯುವ ಪಂಪನ್ನು ಚಾರ್ಜಿಗೆ ಹಾಕಿಲ್ಲ, ಹಾಕುವುದೂ ಇಲ್ಲ. ಹಳೇ ಪಂಪಿನ ಬ್ಯಾಟರಿ ಮಧ್ಯಾಹ್ನಕ್ಕೇ ಕೈಕೊಡುತ್ತಿತ್ತು, ನೀನು ಅದನ್ನು ಬೈಯುತ್ತಾ ಮನೆಗೆ ಬರುತ್ತಿದ್ದೆ. ಅದೇ ಚಲೋ ಇತ್ತು. ಈ ಲಿಥಿಯಂ ಬ್ಯಾಟರಿ ಹಗುರ, ಸಂಜೆತನಕ ನಡೆಯುತ್ತದೆ. "ಅದಕ್ಕಿಲ್ಲದ ಸುಸ್ತು ನಿನಗ್ಯಾಕಲೇ?" ಎಂದು ನೀನು ಕೂಲಿಗೆ ಹೋಗುವ ಕಲ್ಲೂರಿನ ಸಾಹುಕಾರ್ರು ನಗುತ್ತಾರಂತೆ. ಅದಕ್ಕೆ ಉಸಿರಾಡುವ ಕೆಲಸ ಇಲ್ಲಪ್ಪ. ವಾಂತಿ ಮಾಡುವವನು ನೀನು. ನಿನ್ನೆ ತಾಟು ಹಿಡಿದ ನಿನ್ನ ಕೈ ನಡುಗುವುದನ್ನು ನೋಡಿದೆ.

"ಮೌನೇಶ್ವರಿಗೆ ಹೇಳಬ್ಯಾಡ ಬೇ, ಮೊದಲ ಹೆರಿಗಿ ಆಗಲಿ" ಎಂದು ನೀನೇ ಹೇಳಿದ್ದೆ. ಹೆರಿಗೆಯಾಯಿತು, ಕೂಸು ನಗಲು ಕಲಿಯಿತು. ಅವಳ ತವರು ದೇವದುರ್ಗಕ್ಕೆ ಹೋಗಿ ನಿನ್ನ ಕೂಸಿನ ಮುಖ ನೋಡಲು ನಿನಗೆ ಇನ್ನೂ ಬಿಡುವಾಗಿಲ್ಲ.

ಫೋನಿನಲ್ಲಿ ಅವಳಿಗೆ ಹೇಳಹೋದರೆ ನನಗೆ ಅಳುವೇ ಮುಂದೆ ಬರುತ್ತದೆ. ಅದಕ್ಕೇ ಎಲ್ಲವನ್ನೂ ಯಾವತ್ತೋ ಪತ್ರದಲ್ಲಿ ಬರೆದಿದ್ದೆ. ನಿನ್ನ ಮಾತಿಗೆ ಕಟ್ಟುಬಿದ್ದು ಕಳಿಸಿರಲಿಲ್ಲ. ಈಗ ಮಾನ್ವಿಯ ಅಂಚೆ ಕಚೇರಿಗೆ ಹೊರಟಿದ್ದೇನೆ. ನೀನು ಇದನ್ನು ಓದುವ ಹೊತ್ತಿಗೆ ಪತ್ರ ಡಬ್ಬಿಗೆ ಬಿದ್ದಿರುತ್ತದೆ.

ಅವ್ವ